‘ನಾನೂ ಅಲ್ಲಿದ್ದೆ’: ಒಂದು ಸಂಗೀತಸಭೆಯ ನೆನಪುಗಳನ್ನು ಕುರಿತು

ಕಾವ್ಯವನ್ನು ವಿಮರ್ಶಿಸುವವನ ಎದುರಿಗೆ ಕಾವ್ಯವಿರುತ್ತದೆ. ಸಂದೇಹ ಬಂದರೆ ಪುಟ ತಿರುವಿ ನೋಡಬಹುದು. ಅವನು ತಪ್ಪು ಬರೆದರೆ ಓದುಗನೇ ಪುಸ್ತಕ ತೆರೆದು ತೋರಿಸಿಕೊಡಬಹುದು. ಸಂಗೀತಸಭೆಯನ್ನು ಕುರಿತು ಬರೆಯುವವನಿಗೆ ಈ ಸೌಕರ್ಯವಿಲ್ಲ. ದೀಪಗಳು ಆರಿ, ಸಭಿಕರು ಮನೆ ಸೇರಿದ ಮೇಲೆ ಅಲ್ಲಿ ನಡೆದುದು ಬಹುಮಟ್ಟಿಗೆ ಕೇಳಿದವರ ಮನಸ್ಸಿನಲ್ಲಿ ಉಳಿಯುತ್ತದೆ. ಆ ಮನಸ್ಸಾದರೋ ಕೊಟ್ಟದ್ದನ್ನು ಕೊಟ್ಟಂತೆ ಕಾದಿಡುವ ಪೆಟ್ಟಿಗೆಯಲ್ಲ. ಅದು ಕೂಡಿಸುತ್ತದೆ, ಕಳೆಯುತ್ತದೆ, ಬಣ್ಣ ಹಚ್ಚುತ್ತದೆ. ಹಾಗಿದ್ದರೆ ರಸಿಕರ ಸ್ಮರಣೆಯನ್ನು ನಾವು ಯಾವ ಬಗೆಯ ವಾಙ್ಮಯವೆಂದು ಎಣಿಸಬೇಕು? ಸಾಕ್ಷ್ಯದಂತೆ ಪರೀಕ್ಷಿಸಬೇಕೆ, ಕಥೆಯಂತೆ ಸವಿಯಬೇಕೆ? ಒಂದು ನಿದರ್ಶನದ ಮೂಲಕ ಈ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನ ದೂರದೇಶದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಪೀಟರ್ ಬೀದಿ ಎಂಬಲ್ಲಿ ಫ್ರೀ ಟ್ರೇಡ್ ಹಾಲ್ ಎಂಬ ಸಭಾಭವನವಿತ್ತು. ಧಾನ್ಯದ ಆಮದಿನ ಮೇಲೆ ಸುಂಕ ಹೇರಿದ್ದ ಕಾನೂನುಗಳು ೧೮೪೬ರಲ್ಲಿ ರದ್ದಾದುದರ ನೆನಪಿಗಾಗಿ ಕಟ್ಟಿ, ೧೮೫೬ರಲ್ಲಿ ತೆರೆದ ಭವನವದು. ೧೮೧೯ರ ಆಗಸ್ಟಿನಲ್ಲಿ ಮತದಾನದ ಹಕ್ಕು ಕೇಳಲು ನೆರೆದಿದ್ದ ಜನಸ್ತೋಮದ ಮೇಲೆ ಕುದುರೆ ಸವಾರರು ನುಗ್ಗಿ ಹಲವರನ್ನು ಕೊಂದು ನೂರಾರು ಜನರನ್ನು ಗಾಯಗೊಳಿಸಿದ ಬಯಲಿನ ಮೇಲೆಯೇ ಅದು ನಿಂತಿತ್ತು. ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹಾಳಾಗಿ, ೧೯೫೧ರಲ್ಲಿ ಪುನಃ ತೆರೆಯಿತು. ಹ್ಯಾಲೆ ವಾದ್ಯವೃಂದವು ೧೯೯೬ರ ವರೆಗೂ ಅಲ್ಲಿ ನುಡಿಸುತ್ತಿತ್ತು. ಇಂದು ಆ ಕಟ್ಟಡ ಒಂದು ಹೋಟೆಲು. ಗೋಡೆಗಳೇ ಹೀಗೆ ರೂಪ ಬದಲಾಯಿಸಿರುವಾಗ, ಅದರೊಳಗೆ ಕುಳಿತಿದ್ದವರ ನೆನಪು ಬದಲಾಗದೆ ಉಳಿದೀತೆಂದು ನಿರೀಕ್ಷಿಸುವುದು ಹೇಗೆ?

ಈ ಭವನದಲ್ಲಿ ೧೯೬೬ನೆಯ ಇಸವಿ ಮೇ ತಿಂಗಳ ೧೭ರಂದು ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡಿದರು. ಮುಂದೆ ೨೦೧೬ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು ಇವರೇ. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸಭೆಯ ಪೂರ್ವಾರ್ಧದಲ್ಲಿ ಅವರೊಬ್ಬರೇ ವೇದಿಕೆಯ ಮೇಲೆ ನಿಂತು, ಕಟ್ಟಿಗೆಯ ಗಿಟಾರನ್ನೂ ಬಾಯಿವಾದ್ಯವನ್ನೂ ನುಡಿಸುತ್ತ ಏಳು ಹಾಡುಗಳನ್ನು ಹಾಡಿದರು. ಸಭೆ ಮೌನವಾಗಿ ಆಲಿಸಿತು. ವಿರಾಮದ ನಂತರ ವಿದ್ಯುತ್ ಗಿಟಾರುಗಳೂ ಡೋಲುಗಳೂ ಇದ್ದ ಐವರು ಜೊತೆಗಾರರೊಡನೆ ಬಂದು ಎಂಟು ಹಾಡುಗಳನ್ನು ಭಾರಿ ಧ್ವನಿಯಲ್ಲಿ ಹಾಡಿದರು. ಇದೇ ರಾಕ್ ಸಂಗೀತ. ಆಗ ಸಭೆ ಇಬ್ಭಾಗವಾಯಿತು. ಕೆಲವರು ಹಾಡಿಗೆ ಮೆಚ್ಚಿ ಚಪ್ಪಾಳೆಯಿಟ್ಟರು. ಕೆಲವರು ಹಾಡು ಹಾಡಿನ ನಡುವೆ ನಿಧಾನವಾಗಿ, ಒಂದೇ ಲಯದಲ್ಲಿ ಕೈತಟ್ಟಿ ತಮ್ಮ ಅಸಮ್ಮತಿಯನ್ನು ತೋರಿಸಿದರು. ಕೊನೆಯ ಹಾಡಿಗೆ ಮುಂಚೆ ಒಂದು ಗಂಡುಧ್ವನಿ ಒಂದೇ ಒಂದು ಶಬ್ದವನ್ನು ಕೂಗಿತು: ‘ಜೂದಾಸ್!’

ಜೂದಾಸ್ ಎಂದರೆ ಕನ್ನಡ ಬೈಬಲ್ಲಿನ ಇಸ್ಕರಿಯೋತ ಯೂದ. ಮೂವತ್ತು ಬೆಳ್ಳಿಯ ನಾಣ್ಯಗಳಿಗಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ. ಕ್ರೈಸ್ತ ದೇಶದಲ್ಲಿ ಇದಕ್ಕಿಂತ ಕಟುವಾದ ಬೈಗುಳ ಇನ್ನೊಂದಿಲ್ಲ. ಡಿಲನ್ ಯಹೂದಿ ಮನೆತನದಲ್ಲಿ ಹುಟ್ಟಿದವರೆಂಬುದನ್ನು ನೆನೆದರೆ ಆ ಕೂಗು ಮತ್ತಷ್ಟು ಕಿವಿಗೆ ಕೊರೆಯುತ್ತದೆ. ಹಾಡುಗಾರ ಕೊಂಚ ತಡೆದು, ನಿನ್ನನ್ನು ನಂಬೆನೆಂದೂ ನೀನು ಸುಳ್ಳುಗಾರನೆಂದೂ ಉತ್ತರಿಸಿದರು. ಆ ಉತ್ತರದ ಮೊದಲ ಮಾತು ಅದೇ ಸಂಜೆ ಅವರು ಹಾಡಿದ್ದ ಹಾಡೊಂದರ ಹೆಸರೂ ಆಗಿತ್ತು. ಜೊತೆಗಾರರು ಮತ್ತಷ್ಟು ಜೋರಾಗಿ ನುಡಿಸಿದರು. ‘ಲೈಕ್ ಎ ರೋಲಿಂಗ್ ಸ್ಟೋನ್’ ಎಂಬ ಹಾಡಿನೊಡನೆ ಸಭೆ ಮುಗಿಯಿತು.

ಒಂದು ವಾದ್ಯವನ್ನು ಬದಲಿಸಿದ್ದಕ್ಕೆ ಇಷ್ಟು ಕೋಪವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಅಂದಿನ ಇಂಗ್ಲೆಂಡಿನಲ್ಲಿ ಜನಪದಗೀತೆ ಕೇವಲ ಮನರಂಜನೆಯಾಗಿರಲಿಲ್ಲ. ಮ್ಯಾಂಚೆಸ್ಟರಿಗೆ ತಾಗಿಕೊಂಡೇ ಇರುವ ಸಾಲ್ಫರ್ಡಿನಲ್ಲಿ ೧೯೧೫ರಲ್ಲಿ ಹುಟ್ಟಿದ ಇವಾನ್ ಮಕಾಲ್ ಎಂಬ ಹಾಡುಗಾರ ಹಾಗೂ ನಾಟಕಕಾರ ಈ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಕಾರ್ಖಾನೆಯವರ, ಗಣಿಯವರ, ಮೀನುಗಾರರ ಹಾಡುಗಳನ್ನು ವ್ಯಾಪಾರದ ಸಂಗೀತ ನುಂಗಿಹಾಕುತ್ತದೆಂದು ಅವರು ಬಲವಾಗಿ ನಂಬಿದ್ದರು. ಹಾಡುಗಾರನು ತನ್ನ ನಾಡಿನ, ತಾನಾಡುವ ಮಾತಿನ ಹಾಡನ್ನೇ ಹಾಡತಕ್ಕದ್ದೆಂಬುದು ಅವರ ಕೂಟದ ನಿಯಮ. ಡಿಲನ್ನರ ಮೇಲೆ ಅವರು ೧೯೬೫ರಲ್ಲಿಯೇ ಕಟುವಾದ ಟೀಕೆ ಬರೆದಿದ್ದರು. ಇಂಥ ವಾತಾವರಣದಲ್ಲಿ ವಿದ್ಯುತ್ ಗಿಟಾರೆಂದರೆ ಬರಿಯ ವಾದ್ಯವಲ್ಲ, ಅಂಗಡಿಯವನ ಕಡೆ ಸೇರಿದುದರ ಗುರುತು. ‘ಜೂದಾಸ್’ ಎಂದು ಕೂಗಿದಾತ ಸಂಗೀತವಿಮರ್ಶೆ ಮಾಡುತ್ತಿರಲಿಲ್ಲ. ಪಕ್ಷತ್ಯಾಗದ ಆರೋಪ ಹೊರಿಸುತ್ತಿದ್ದ. ಲಂಕೆಯ ಕಡೆಯಿಂದ ನೋಡಿದರೆ ವಿಭೀಷಣನೂ ದ್ರೋಹಿಯೇ ತಾನೆ?

ಇನ್ನು ನೆನಪಿನ ವಿಚಾರಕ್ಕೆ ಬರೋಣ. ಈ ಸಭೆಯನ್ನು ಡಿಲನ್ನರ ಧ್ವನಿಮುದ್ರಿಕೆಯ ಸಂಸ್ಥೆ ಮುದ್ರಿಸಿಕೊಂಡಿತ್ತಾದರೂ ಆಗ ಪ್ರಕಟಿಸಲಿಲ್ಲ. ಕೆಲವು ವರ್ಷಗಳಲ್ಲಿ ಅದು ಕಳ್ಳಮುದ್ರಣವಾಗಿ ಹೊರಬಿತ್ತು. ಆದರೆ ಅದರ ಹೆಸರು ‘ರಾಯಲ್ ಆಲ್ಬರ್ಟ್ ಹಾಲ್’ ಎಂದಾಯಿತು! ಲಂಡನ್ನಿನ ಆ ಭವನದಲ್ಲಿ ಡಿಲನ್ ಹಾಡಿದ್ದು ಅದೇ ತಿಂಗಳ ೨೬ ಮತ್ತು ೨೭ರಂದು. ಹೀಗೆ ಎರಡು ದಶಕಗಳಿಗೂ ಮೀರಿ ಲೋಕವೆಲ್ಲ ಮ್ಯಾಂಚೆಸ್ಟರಿನ ಕೂಗನ್ನು ಲಂಡನ್ನಿನಲ್ಲಿ ನಡೆದದ್ದೆಂದು ಕೇಳುತ್ತಿತ್ತು. ೧೯೯೮ರಲ್ಲಿ ಅಧಿಕೃತ ಮುದ್ರಣ ಹೊರಬಂದಾಗಲೂ ಆ ತಪ್ಪು ಹೆಸರು ಎಷ್ಟು ಬೇರೂರಿತ್ತೆಂದರೆ, ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಗೆಯೇ ಉಳಿಸಿಕೊಳ್ಳಲಾಯಿತು. ಲೇಖಕರು, ಪತ್ರಿಕೆಗಳು, ಮುದ್ರಿಕೆಯ ಹೊದಿಕೆ ಇವೆಲ್ಲವೂ ಒಂದು ಕಡೆ. ‘ಇಲ್ಲ, ಅದು ನಮ್ಮೂರಿನಲ್ಲಿ ನಡೆಯಿತು’ ಎಂಬ ಮ್ಯಾಂಚೆಸ್ಟರಿನವರ ನೆನಪು ಒಂದು ಕಡೆ. ಕೊನೆಗೆ ಗೆದ್ದದ್ದು ನೆನಪು. ಬರೆದಿಟ್ಟದ್ದೆಲ್ಲ ನಿಜ, ನೆನಪೆಲ್ಲ ಸಡಿಲ ಎಂಬ ಸುಲಭ ಸೂತ್ರ ಇಲ್ಲಿಗೇ ಮುರಿದುಬೀಳುತ್ತದೆ.

ಅದೇ ೧೯೯೮ರಲ್ಲಿ ಸಿ. ಪಿ. ಲೀ ಅವರು ‘ಲೈಕ್ ದ ನೈಟ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಸ್ವತಃ ಸಂಗೀತಗಾರರೂ ಅಧ್ಯಾಪಕರೂ ಆಗಿದ್ದ ಲೀ (ಅವರು ೨೦೨೦ರಲ್ಲಿ ತೀರಿಕೊಂಡರು) ಆ ಸಂಜೆ ಹದಿನಾರು ವರ್ಷದ ಹುಡುಗನಾಗಿ ಸಭೆಯಲ್ಲಿದ್ದವರು. ಈ ಗ್ರಂಥದ ಗುಣವೆಂದರೆ ಅವರು ತಮ್ಮ ನೆನಪೊಂದನ್ನೇ ನಂಬಿ ಕುಳಿತುಕೊಳ್ಳದಿರುವುದು. ಅಲ್ಲಿದ್ದ ಇತರರನ್ನು ಹುಡುಕಿ ಅವರ ಮಾತುಗಳನ್ನು ಕೂಡಿಸುತ್ತಾರೆ, ಮುದ್ರಿಕೆಯೊಡನೆ ಹೋಲಿಸುತ್ತಾರೆ, ಇಂಗ್ಲೆಂಡಿನ ಜನಪದಗೀತೆಯ ಚಳವಳಿಯ ಚರಿತ್ರೆಯನ್ನು ಹಿನ್ನೆಲೆಯಾಗಿ ಹರಡುತ್ತಾರೆ. ಕೂಗಿದವರನ್ನು ಮೂರ್ಖರೆಂದು ತಳ್ಳಿಹಾಕದೆ, ಅವರಿಗೆ ಯಾವುದು ನೋವಾಯಿತೆಂದು ವಿಚಾರಿಸುತ್ತಾರೆ. ಅಭಿಮಾನಿಯ ಬರಹದಲ್ಲಿ ಈ ನ್ಯಾಯಬುದ್ಧಿ ಅಪರೂಪ. ದೋಷವೆಂದರೆ, ಇಡೀ ಚರಿತ್ರೆ ಆ ಒಂದು ಸಂಜೆಯ ಕಡೆಗೇ ನಡೆದುಬಂದಿತೆಂಬ ಭಾವನೆ ಅಲ್ಲಲ್ಲಿ ಇಣುಕುತ್ತದೆ. ತಾನು ಕಂಡ ಜಾತ್ರೆಯೇ ದೊಡ್ಡ ಜಾತ್ರೆ ಎಂಬ ಈ ಮೋಹ ಎಲ್ಲ ಸ್ಮೃತಿಕಾರರಿಗೂ ಸಾಮಾನ್ಯ.

ಕೂಗಿದವನು ಯಾರು? ಮುದ್ರಿಕೆಯಲ್ಲಿ ಧ್ವನಿಯಿದೆ, ಮುಖವಿಲ್ಲ. ಮೂರು ದಶಕಗಳ ತರುವಾಯ ಇಬ್ಬರು ಬೇರೆ ಬೇರೆಯಾಗಿ ‘ಅದು ನಾನೇ’ ಎಂದು ಮುಂದೆ ಬಂದರು. ಒಂದು ಕಾಲಕ್ಕೆ ಯಾರೂ ಹೊರಲೊಲ್ಲದ ಅಪವಾದವನ್ನು ಇನ್ನೊಂದು ಕಾಲದಲ್ಲಿ ಇಬ್ಬರು ಹಂಚಿಕೊಳ್ಳಲು ಬಂದುದು ಗಮನಾರ್ಹ. ಕೂಗಿನ ಬೆಲೆ ಅಷ್ಟು ಏರಿತ್ತು. ಇದಕ್ಕಿಂತ ಮುಖ್ಯವಾದುದು ಅವರಲ್ಲಿ ಒಬ್ಬರು ಕೊಟ್ಟ ಕಾರಣ. ತಾನು ಸಿಟ್ಟಾದದ್ದು ವಿದ್ಯುತ್ ವಾದ್ಯಗಳಿಗಲ್ಲ, ಧ್ವನಿವರ್ಧಕದ ವ್ಯವಸ್ಥೆ ಕೆಟ್ಟಿದ್ದರಿಂದ ಹಾಡಿನ ಮಾತುಗಳು ಕೇಳಿಸದೆ ಹೋದುದಕ್ಕೆ, ಎಂದು ಆತ ಹೇಳಿದರು. ಅಮೆರಿಕದ ನ್ಯೂಪೋರ್ಟಿನಲ್ಲಿ ೧೯೬೫ರ ಜುಲೈ ೨೫ರಂದು ಡಿಲನ್ ಮೊದಲಬಾರಿ ವಿದ್ಯುತ್ ವಾದ್ಯಗಳೊಡನೆ ಜನಪದೋತ್ಸವದ ವೇದಿಕೆಗೆ ಬಂದಾಗಲೂ ಇದೇ ಚರ್ಚೆ ಎದ್ದಿತ್ತು. ಜನ ಕೂಗಿದ್ದು ವಾದ್ಯಕ್ಕೋ, ಕೆಟ್ಟ ಧ್ವನಿಗೋ, ಹಾಡುಗಳು ಬೇಗ ಮುಗಿದವೆಂದೋ ಎಂಬುದರಲ್ಲಿ ಅಲ್ಲಿದ್ದವರಲ್ಲಿಯೇ ಒಮ್ಮತವಿಲ್ಲ. ಹಿರಿಯ ಹಾಡುಗಾರ ಪೀಟ್ ಸೀಗರ್ ಕೊಡಲಿಯಿಂದ ತಂತಿ ಕತ್ತರಿಸಹೊರಟರೆಂಬ ಕಥೆ ಲೋಕಪ್ರಸಿದ್ಧವಾಯಿತು. ಮಾತುಗಳು ಕೇಳಿಸುತ್ತಿರಲಿಲ್ಲವೆಂಬುದೇ ತಮ್ಮ ಕೋಪಕ್ಕೆ ಕಾರಣವೆಂದು ಸೀಗರ್ ಅವರೇ ಆಮೇಲೆ ವಿವರಿಸಿದರು.

ಮುದ್ರಿಕೆಯನ್ನು ಕೇಳಿದವರು ಇದನ್ನು ಒಪ್ಪುವುದಿಲ್ಲ: ‘ಧ್ವನಿ ಸ್ಪಷ್ಟವಾಗಿಯೇ ಇದೆಯಲ್ಲ, ಒಂದೊಂದು ಶಬ್ದವೂ ಕೇಳುತ್ತದೆಯಲ್ಲ’ ಎನ್ನುತ್ತಾರೆ. ಇಲ್ಲಿ ವಿಮರ್ಶಕನು ಎಚ್ಚರ ವಹಿಸಬೇಕು. ಮುದ್ರಿಕೆ ವೇದಿಕೆಯ ಬಳಿಯ ಧ್ವನಿಗ್ರಾಹಕಗಳಿಂದ ಬಂದದ್ದು. ಕೊನೆಯ ಸಾಲಿನಲ್ಲಿ ಕುಳಿತವನ ಕಿವಿಗೆ ಬಂದದ್ದು ಬೇರೆ ದಾರಿಯಿಂದ. ಒಂದು ದೊಡ್ಡ ವಾದ್ಯವೃಂದದ ಶಬ್ದ ತಾನೇ ತಾನಾಗಿ ತುಂಬಿಕೊಳ್ಳಲೆಂದು ಕಟ್ಟಿದ ಸಭಾಂಗಣದಲ್ಲಿ ವಿದ್ಯುತ್ತಿನಿಂದ ಹಿಗ್ಗಿದ ಧ್ವನಿ ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುವುದು ಸಹಜ. ಆದಕಾರಣ ಮುದ್ರಿಕೆಯ ಸ್ಪಷ್ಟತೆಯನ್ನು ತೋರಿಸಿ ಸಭಿಕನನ್ನು ಸುಳ್ಳುಗಾರನೆನ್ನಲಾಗದು. ವೇದಿಕೆಯಲ್ಲಿ ಏನು ನಡೆಯಿತೆಂಬುದನ್ನು ಮುದ್ರಿಕೆ ತಿಳಿಸುತ್ತದೆ. ಆಸನದಲ್ಲಿ ಏನು ನಡೆಯಿತೆಂಬುದನ್ನು ನೆನಪು ತಿಳಿಸುತ್ತದೆ. ಎರಡನ್ನೂ ಕೂಡಿಸಿದರೆ ಮಾತ್ರ ಸಭೆ ಪೂರ್ಣವಾಗುತ್ತದೆ.

ನಮ್ಮ ಆಲಂಕಾರಿಕರು ಈ ಸಂದರ್ಭಕ್ಕೆ ಒಳ್ಳೆಯ ಬೆಳಕನ್ನು ಕೊಡುತ್ತಾರೆ. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ‘ಪ್ರತೀತ್ಯುಪಾಯವೈಕಲ್ಯ’ವೂ ‘ಸ್ಫುಟತ್ವಾಭಾವ’ವೂ ಸೇರಿವೆ, ಎಂದರೆ ಅರಿಯುವ ಸಾಧನದಲ್ಲಿಯೇ ಊನವಿರುವುದು ಮತ್ತು ಅರಿವು ಸ್ಪಷ್ಟವಾಗದಿರುವುದು. ಧ್ವನಿವರ್ಧಕ ಕೆಟ್ಟಿತ್ತೆಂಬ ದೂರು ಈ ಜಾತಿಯದು. ‘ನಿಜಸುಖಾದಿವಿವಶೀಭಾವ’ವೆಂಬುದು ಇನ್ನೊಂದು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕಲಾವಸ್ತುವಿನಲ್ಲಿ ಮನಸ್ಸು ನಿಲ್ಲದಿರುವುದು. ನಮ್ಮ ಹಾಡುಗಾರ ನಮ್ಮನ್ನು ಬಿಟ್ಟುಹೋದನೆಂಬ ದುಃಖ ಈ ಜಾತಿಯದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವನು ಸಭೆಯನ್ನು ಏರ್ಪಡಿಸಿದವನು. ಎರಡನೆಯದಕ್ಕೆ ಉತ್ತರ ಹುಡುಕಬೇಕಾದವನು ಕೇಳುಗನೇ. ಕೂಗಿದವರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ‘ಹೊಸತನ್ನು ಸಹಿಸದವರು’ ಎಂದು ತೀರ್ಪುಕೊಡುವ ಲೇಖಕರು ಈ ಎರಡು ವಿಘ್ನಗಳನ್ನು ಬೇರ್ಪಡಿಸಿ ನೋಡಿಲ್ಲ.

ಇನ್ನು ನೆನಪು ಜಾರುವುದೆಲ್ಲಿ? ಆ ಸಂಜೆಯನ್ನು ಕುರಿತ ಹಲವರ ಮಾತಿನಲ್ಲಿ ಒಂದು ಸಿಡಿಲು ಬಡಿದಂಥ ಅಚ್ಚರಿ ಇದೆ. ಯಾರಿಗೂ ಗೊತ್ತಿರದ ಸಂಗತಿಯೊಂದು ಥಟ್ಟನೆ ಎದುರಾದಂತೆ ವರ್ಣಿಸುತ್ತಾರೆ. ಆದರೆ ವಿದ್ಯುತ್ ವಾದ್ಯಗಳಿದ್ದ ಡಿಲನ್ನರ ಮೊದಲ ಹಾಡುಗೊಂಚಲು ೧೯೬೫ರ ಮಾರ್ಚಿನಲ್ಲಿಯೇ ಹೊರಬಿದ್ದಿತ್ತು. ಆ ವರ್ಷದ ಬೇಸಗೆಯಲ್ಲಿ ‘ಲೈಕ್ ಎ ರೋಲಿಂಗ್ ಸ್ಟೋನ್’ ಬ್ರಿಟನ್ನಿನಲ್ಲಿಯೂ ಮನೆಮಾತಾಗಿತ್ತು. ಟಿಕೆಟು ಕೊಂಡು ಬಂದವರಲ್ಲಿ ಬಹುಮಂದಿಗೆ ಇದು ತಿಳಿದೇ ಇದ್ದಿರಬೇಕು. ಆದರೆ ಸುಮಾರು ಒಂದು ವರ್ಷದ ಹಿಂದೆ, ೧೯೬೫ರ ಮೇ ೭ರಂದು, ಅದೇ ವೇದಿಕೆಯ ಮೇಲೆ ಅವರು ಒಂಟಿಯಾಗಿ ನಿಂತು ಹಾಡಿದ್ದರು. ಜನ ಬಯಸಿ ಬಂದದ್ದು ಆ ಹಳೆಯ ಸಂಜೆಯನ್ನು. ಆದ್ದರಿಂದ ಅಲ್ಲಿದ್ದುದು ತಿಳಿಯದವರ ಅಚ್ಚರಿಯಲ್ಲ, ತಿಳಿದೂ ಆಗದಿರಲಿ ಎಂದು ಹಾರೈಸಿದವರ ನಿರಾಶೆ. ಕಾಲ ಕಳೆದಂತೆ ನಿರಾಶೆಯೇ ಅಚ್ಚರಿಯ ವೇಷ ಹಾಕಿಕೊಂಡಿತು. ನಿರಾಶೆಗಿಂತ ಅಚ್ಚರಿಯನ್ನು ಹೇಳಿಕೊಳ್ಳುವುದು ಸುಲಭ. ಹಾಗೆಯೇ ‘ಇಡೀ ಸಭೆ ಕೂಗಿತು’ ಎಂಬ ಮಾತೂ ಬೆಳೆದದ್ದು. ಮುದ್ರಿಕೆಯಲ್ಲಿ ಪ್ರತಿ ಹಾಡಿನ ಕೊನೆಗೂ ಧಾರಾಳವಾದ ಚಪ್ಪಾಳೆ ಕೇಳಿಸುತ್ತದೆ.

ಹತ್ತು ವರ್ಷಗಳ ತರುವಾಯ ಅದೇ ಕಟ್ಟಡದ ಚಿಕ್ಕ ಸಭಾಂಗಣದಲ್ಲಿ ಇನ್ನೊಂದು ಸಭೆ ನಡೆಯಿತು. ೧೯೭೬ರ ಜೂನ್ ೪ರಂದು ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಎಂಬ ತರುಣರು ಲಂಡನ್ನಿನ ‘ಸೆಕ್ಸ್ ಪಿಸ್ಟಲ್ಸ್’ ಎಂಬ ತಂಡವನ್ನು ಕರೆಸಿದರು. ಟಿಕೆಟಿಗೆ ಐವತ್ತು ಪೆನ್ನಿ. ಬಂದವರು ಕೆಲವು ಡಜನ್ ಜನ. ಆದರೆ ತಾವು ಅಲ್ಲಿದ್ದೆವೆಂದು ಆಮೇಲೆ ಹೇಳಿಕೊಂಡವರನ್ನು ಕೂಡಿಸಿದರೆ ಆ ಕೋಣೆ ಹಲವು ಸಲ ತುಂಬಿ ತುಳುಕುತ್ತದೆ. ಪತ್ರಕರ್ತ ಡೇವಿಡ್ ನೋಲನ್ ೨೦೦೧ರಲ್ಲಿ ಇದರ ಮೇಲೆಯೇ ‘ಐ ಸ್ವೇರ್ ಐ ವಾಸ್ ದೇರ್’ ಎಂಬ ಪುಸ್ತಕ ಬರೆದರು. ಆಣೆಯಿಟ್ಟು ಹೇಳುತ್ತೇನೆ, ನಾನಲ್ಲಿದ್ದೆ ಎಂದು ಅದರ ಅರ್ಥ. ನಿಜವಾಗಿ ಇದ್ದವರಾರು, ಇಲ್ಲದವರಾರು ಎಂದು ಅವರು ಒಬ್ಬೊಬ್ಬರನ್ನೇ ಕೇಳಿ ಜರಡಿ ಹಿಡಿಯುತ್ತಾರೆ. ತೊಡಕೇನೆಂದರೆ, ಅದೇ ತಂಡ ಜುಲೈ ೨೦ರಂದು ಅಲ್ಲಿಯೇ ಇನ್ನೊಮ್ಮೆ ಹಾಡಿತು. ಆಗ ಜನ ಹೆಚ್ಚು. ಎರಡನೆಯ ಸಂಜೆಗೆ ಬಂದವರ ನೆನಪು ಮೆಲ್ಲಗೆ ಮೊದಲನೆಯ ಸಂಜೆಗೆ ಸರಿದುಕೊಂಡಿತು. ಇದರಲ್ಲಿ ಸುಳ್ಳು ಹೇಳುವ ಇಚ್ಛೆ ಇದ್ದೇ ತೀರಬೇಕೆಂದಿಲ್ಲ. ಮೊದಲು ಬಂದವನೆಂಬ ಮರ್ಯಾದೆಯ ಆಸೆ ನೆನಪಿನ ದಿನಾಂಕವನ್ನು ಹಿಂದಕ್ಕೆ ಎಳೆಯುತ್ತದೆ, ಅಷ್ಟೆ.

ಆದರೂ ಆ ಚಿಕ್ಕ ಸಭೆಯಿಂದ ಹುಟ್ಟಿದ ಫಲ ಚಿಕ್ಕದಲ್ಲ. ಪೀಟರ್ ಹುಕ್ ಎಂಬ ತರುಣ ಮರುದಿನವೇ ಹೋಗಿ ಒಂದು ಬಾಸ್ ಗಿಟಾರನ್ನು ಕೊಂಡ. ಅವನೂ ಗೆಳೆಯ ಬರ್ನಾರ್ಡ್ ಸಮ್ನರನೂ ಮುಂದೆ ‘ಜಾಯ್ ಡಿವಿಷನ್’ ತಂಡ ಕಟ್ಟಿದರು. ಸ್ಟೀವ್ ಡಿಗಲ್ ಎಂಬವನು ಯಾರನ್ನೋ ಭೇಟಿಮಾಡಲು ಆ ಕಟ್ಟಡದ ಹೊರಗೆ ನಿಂತಿದ್ದ. ಪಿಸ್ಟಲ್ಸ್ ತಂಡದ ವ್ಯವಸ್ಥಾಪಕ ಮಾಲ್ಕಮ್ ಮಕ್ಲಾರೆನ್ ಅವನನ್ನು ಶೆಲ್ಲಿ ಕಾಯುತ್ತಿದ್ದ ವಾದ್ಯಗಾರನೆಂದು ತಪ್ಪಾಗಿ ತಿಳಿದು ಒಳಗೆ ಕರೆತಂದ. ಆ ತಪ್ಪಿನಿಂದ ಡಿಗಲ್ ‘ಬಝ್‌ಕಾಕ್ಸ್’ ತಂಡದವನಾದ. ಇದು ಡಿಗಲ್ ಅವರೇ ಹೇಳಿರುವ ಮಾತು. ಈ ಬಗೆಯ ನೆನಪನ್ನು ನಾವು ಹೆಚ್ಚು ನಂಬುತ್ತೇವೆ. ಏಕೆಂದರೆ ಹೇಳುವವನು ಇಲ್ಲಿ ತನ್ನನ್ನು ದೊಡ್ಡವನಾಗಿ ಮಾಡಿಕೊಳ್ಳುವುದಿಲ್ಲ. ತನ್ನ ಭಾಗ್ಯ ಮತ್ತೊಬ್ಬನ ತಪ್ಪಿನಿಂದ ಬಂತೆಂದು ಒಪ್ಪಿಕೊಳ್ಳುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅಂದು ಕೇಳಿದ್ದು ಅವನ ಕೈಯಲ್ಲಿ ಕೆಲಸವಾಗಿ ಪರಿಣಮಿಸಿತು. ತಾನಿದ್ದೆನೆಂಬ ಹೇಳಿಕೆಗಿಂತ ತಾನೇನು ಮಾಡಿದೆನೆಂಬುದು ಬಲವಾದ ಸಾಕ್ಷ್ಯ.

ಹೀಗೆ ನೋಡಿದಾಗ ರಸಿಕಸ್ಮೃತಿಯನ್ನು ಅಳೆಯಲು ಮೂರು ಪ್ರಶ್ನೆಗಳು ನಮಗೆ ದೊರೆಯುತ್ತವೆ. ಹೇಳುವವನು ತನ್ನ ಕಣ್ಣು ಕಿವಿಗಳಿಂದ ಕಂಡು ಕೇಳಿದುದನ್ನು ಹೇಳುತ್ತಿದ್ದಾನೆಯೆ, ಆಮೇಲೆ ಓದಿ ತಿಳಿದುದನ್ನು ಬೆರೆಸುತ್ತಿದ್ದಾನೆಯೆ? ಅಂದಿನ ಭಾವವನ್ನು ಹೇಳುತ್ತಿದ್ದಾನೆಯೆ, ಇಂದು ತನಗೆ ಒಪ್ಪುವ ಭಾವವನ್ನು ಅಂದಿಗೆ ಆರೋಪಿಸುತ್ತಿದ್ದಾನೆಯೆ? ಕಥೆಯಲ್ಲಿ ಕಲೆ ದೊಡ್ಡದಾಗಿ ಕಾಣುತ್ತದೆಯೆ, ಹೇಳುವವನು ದೊಡ್ಡದಾಗಿ ಕಾಣುತ್ತಾನೆಯೆ? ಉಪಾಧ್ಯಾಯಮಿತ್ರರು ಈ ಪ್ರಶ್ನೆಗಳನ್ನು ಮಕ್ಕಳ ಕೈಗೆ ಕೊಟ್ಟು, ಊರಿನ ಹಿರಿಯರ ಬಳಿ ಒಂದು ರಾತ್ರಿಯ ಬಯಲಾಟವನ್ನೋ ತಾಳಮದ್ದಲೆಯನ್ನೋ ಕಂಪನಿ ನಾಟಕವನ್ನೋ ಕುರಿತು ಕೇಳಿ ಬರೆದುಕೊಂಡು ಬರಲು ಹೇಳಬಹುದು. ಒಬ್ಬರನ್ನು ಕೇಳಿದರೆ ಸಾಲದು; ಒಂದೇ ರಾತ್ರಿಯನ್ನು ಕುರಿತು ಮೂವರನ್ನಾದರೂ ಕೇಳಬೇಕು. ಮೂರು ಬರಹಗಳು ಹೊಂದದಿದ್ದಲ್ಲಿ ಗಾಬರಿಪಡಬೇಕಾಗಿಲ್ಲ. ಹೊಂದದ ಸ್ಥಳದಲ್ಲಿಯೇ ವಿಮರ್ಶೆ ಆರಂಭವಾಗುತ್ತದೆ.

ಕೊನೆಗೆ ಕೂಗಿದವನ ವಿಚಾರ. ಚರಿತ್ರೆ ಅವನ ವಿರುದ್ಧ ತೀರ್ಪುಕೊಟ್ಟಿದೆ. ಅವನು ಯಾವುದನ್ನು ಕೇಡೆಂದು ಕೂಗಿದನೋ ಅದೇ ಇಂದು ಶ್ರೇಷ್ಠವೆನಿಸಿದೆ. ಈ ತೀರ್ಪು ಸಂಗೀತದ ಮಟ್ಟಿಗೆ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಗಡಿಯಾಚೆ ನೆಲಸಿ ಕನ್ನಡದಲ್ಲಿ ಕಲಿಸುವ, ಕಲಿಯುವ ನಮಗೆ ಆ ಕೂಗು ತೀರ ಅಪರಿಚಿತವಲ್ಲ. ಸುತ್ತಲೂ ಬೇರೊಂದು ಮಾತು ಮೊರೆಯುತ್ತಿರುವಾಗ ಇರುವುದನ್ನು ಇದ್ದ ಹಾಗೆಯೇ ಕಾಯಬೇಕೆಂಬ ಹಂಬಲ ನಮ್ಮಲ್ಲಿಯೂ ಹುಟ್ಟುತ್ತದೆ. ಹೊಸ ರೀತಿಯಲ್ಲಿ ಬರೆಯುವ ನಮ್ಮ ಹುಡುಗನೊಬ್ಬನನ್ನು, ಬೇರೆ ಭಾಷೆಯ ಧಾಟಿ ಬೆರೆಸಿದನೆಂದು, ನಾವೂ ದ್ರೋಹಿಯೆಂದು ಕರೆಯುವ ಸಂಭವವುಂಟು. ಆ ಹಂಬಲ ತಪ್ಪಲ್ಲ. ಪ್ರೀತಿಸದವನು ಕೂಗುವುದಿಲ್ಲ, ಎದ್ದು ಹೋಗುತ್ತಾನೆ. ಆದರೆ ಕೂಗುವ ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು: ಅವನ ಮಾತು ನಮಗೆ ಕೇಳಿಸುತ್ತಿಲ್ಲವೋ, ಕೇಳಿಸಿದರೂ ಬೇಡವಾಗಿದೆಯೋ? ಕೇಳಿಸದಿದ್ದರೆ ಸ್ಪಷ್ಟವಾಗಿ ಹೇಳೆಂದು ಅವನನ್ನು ಕೇಳುವ ಹಕ್ಕು ನಮಗಿದೆ. ಬೇಡವಾಗಿದ್ದರೆ ಕೊನೆಯ ಹಾಡಿನ ವರೆಗೆ ಕುಳಿತು ಕೇಳುವ ಹೊಣೆಯೂ ನಮ್ಮದೇ. ಮ್ಯಾಂಚೆಸ್ಟರಿನ ಆ ಸಂಜೆಯ ನೆನಪುಗಳನ್ನು ಓದಬೇಕಾದುದು ಇದಕ್ಕಾಗಿ. ಹಾಡುಗಾರನ ಪಕ್ಷವನ್ನು ಹೇಳಲು ಮುದ್ರಿಕೆಯಿದೆ, ಪಾರಿತೋಷಕವಿದೆ. ಕೇಳುಗನ ಪಕ್ಷವನ್ನು ಹೇಳಲು ಇರುವುದು ಈ ತಪ್ಪುಒಪ್ಪುಗಳು ಬೆರೆತ ನೆನಪುಗಳು ಮಾತ್ರ.